ಶಿವಪುರದ ಬಾವುಟ, ರಟ್ಟಿನ ನಾಯಕರು

ಏಳನೇ ತರಗತಿಯ ಬೆಂಚುಗಳನ್ನೆಲ್ಲ ಗೋಡೆಗೆ ಒತ್ತರಿಸಿ ನಡುವೆ ಜಾಗ ಮಾಡಿಕೊಂಡಿದ್ದಾರೆ. ನೆಲದ ತುಂಬ ರಟ್ಟಿನ ಚೂರು, ಕತ್ತರಿ, ಮೈದಾ ಅಂಟಿನ ಡಬ್ಬ, ಹೆರೆದಿಟ್ಟ ತೆಂಗಿನ ಗರಿಯ ಕಡ್ಡಿ. ಮನೆಮನೆಯಿಂದ ತಂದ ಹಳೆಯ ಲಗ್ನಪತ್ರಿಕೆಗಳೇ ಗೊಂಬೆಗೆ ರಟ್ಟು. ಒಂದು ಮಗ್ಗುಲಲ್ಲಿ ಚಿನ್ನದ ಬಣ್ಣದ ಗಣಪತಿ, ಇನ್ನೊಂದು ಮಗ್ಗುಲಲ್ಲಿ ಪೆನ್ಸಿಲಿನಲ್ಲಿ ಮೂಡುತ್ತಿರುವ ಟಿ. ಸಿದ್ದಲಿಂಗಯ್ಯನವರು.

“ಸಾ, ಇವ್ರು ಎಷ್ಟುದ್ದ ಇದ್ರು?”

ಮೇಷ್ಟ್ರ ಬಳಿ ಉತ್ತರವಿಲ್ಲ. ಪಠ್ಯಪುಸ್ತಕದಲ್ಲೂ ಇಲ್ಲ. “ಪೇಟ ಕಟ್ತಿದ್ರಾ, ಟೋಪಿ ಹಾಕ್ತಿದ್ರಾ?” ಇನ್ನೊಂದು ಪ್ರಶ್ನೆ. “ಬಾವುಟದ ಕಂಬ ಎಲ್ ನೆಟ್ಟಿದ್ರು, ಹೊಳೆ ಕಡೀಕಾ, ರೋಡ್ ಕಡೀಕಾ?” ಮತ್ತೊಂದು. ಮದ್ದೂರು ಸೀಮೆಯ ಸರ್ಕಾರಿ ಶಾಲೆಯೊಂದರ ಈ ಮಕ್ಕಳು ನೆರಳಿನ ಗೊಂಬೆಯಾಟವಾಗಿ ಆಡಿಸಲು ಹೊರಟಿರುವುದು ತಮ್ಮೂರಿನ ಪಕ್ಕದ ಕಥೆಯನ್ನೇ: 1938ರ ಏಪ್ರಿಲ್ 11ರಂದು ಶಿವಪುರದಲ್ಲಿ ನಡೆದ ಧ್ವಜ ಸತ್ಯಾಗ್ರಹ. ಪರೀಕ್ಷೆಗೆ ಬರೆಯುವುದಾಗಿದ್ದರೆ ಇಸವಿ, ಸ್ಥಳ, ಅಧ್ಯಕ್ಷರ ಹೆಸರು ಇಷ್ಟೇ ಸಾಕಿತ್ತು. ಗೊಂಬೆಗೆ ಸಾಲದು. ಗೊಂಬೆಗೆ ತಲೆ ಬೇಕು, ತಲೆಯ ಮೇಲೆ ಏನಿತ್ತೆಂದು ಗೊತ್ತಿರಬೇಕು, ಕೈಯಲ್ಲಿ ಹಿಡಿದದ್ದೇನು, ಪಕ್ಕದಲ್ಲಿ ನಿಂತವರು ಯಾರು ಎಂಬುದೂ ತಿಳಿದಿರಬೇಕು. ಇತಿಹಾಸವನ್ನು ಕತ್ತರಿ ಹಿಡಿದು ಕಲಿಯುವುದರ ದೊಡ್ಡ ಲಾಭ ಇದು ಎಂದು ನನಗೆ ಅನ್ನಿಸುತ್ತದೆ. ಕೇಳದೆ ಕತ್ತರಿಸಲು ಆಗುವುದಿಲ್ಲ.

ಕಿಟಕಿಯ ಬಳಿ ಕೂತ ಹುಡುಗಿಯೊಬ್ಬಳು ಬಾವುಟ ಮಾಡುತ್ತಿದ್ದಾಳೆ. ಕೇಸರಿ, ಬಿಳಿ, ಹಸಿರು. ನಡುವೆ ಕೈವಾರ ಇಟ್ಟು ವೃತ್ತ ಎಳೆದು ಅಶೋಕ ಚಕ್ರದ ಅರೆಗಳನ್ನು ಎಣಿಸುತ್ತಿದ್ದಾಳೆ. ಲೈಬ್ರರಿ ಪುಸ್ತಕ ಹಿಡಿದ ಹುಡುಗ ಬಗ್ಗಿ ನೋಡಿದ. “ಆಗ ಚಕ್ರ ಇರ್ನಿಲ್ಲ ಕಣೆ. ಗಾಂಧೀಜಿ ರಾಟೆ ಇತ್ತು.” ಅವಳು ನಂಬಲಿಲ್ಲ. ಪುಸ್ತಕ ಕೈ ಬದಲಾಯಿಸಿತು. ಕಾಂಗ್ರೆಸ್ಸು 1931ರಲ್ಲಿ ಒಪ್ಪಿಕೊಂಡ ಬಾವುಟದಲ್ಲಿ ಇದ್ದದ್ದು ಚರಕ. ಅದರ ಜಾಗಕ್ಕೆ ಚಕ್ರ ಬಂದದ್ದು 1947ರ ಜುಲೈನಲ್ಲಿ, ಸ್ವಾತಂತ್ರ್ಯ ಕೈಗೆ ಸಿಗುವ ಹೊತ್ತಿಗೆ. ಸರಿ, ರಾಟೆ ಬರೆಯಬೇಕು. ಆದರೆ ಆ ಕೋಣೆಯಲ್ಲಿ ರಾಟೆಯನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಚಿತ್ರ ನೋಡಿಕೊಂಡು ಗಾಲಿ ಬರೆದಳು, ಕದಿರು ಬರೆದಳು, ಎರಡರ ನಡುವಿನ ದಾರವನ್ನು ಒಂದೇ ಗೆರೆಯಲ್ಲಿ ಎಳೆದಳು. ಆಮೇಲೆ ಗೋಣಿಚೀಲ ಹೊಲಿಯುವ ದಬ್ಬಳ ತೆಗೆದುಕೊಂಡು ಆ ಗೆರೆಗಳ ಉದ್ದಕ್ಕೂ ಒತ್ತೊತ್ತಾಗಿ ತೂತು ಹಾಕುತ್ತ ಹೋದಳು. ಪರದೆಯ ಹಿಂದೆ ದೀಪ ಹೊತ್ತಿದಾಗ ಬೆಳಕು ಹಾಯುವುದು ಆ ತೂತುಗಳಲ್ಲೇ. ದಬ್ಬಳ ತುಸು ಜಾರಿದರೂ ದಾರದ ಗೆರೆ ಹರಿದಂತೆ ಕಾಣುತ್ತದೆ, ಅದಕ್ಕೇ ಉಸಿರು ಬಿಗಿಹಿಡಿದು ಚುಚ್ಚುತ್ತಿದ್ದಳು. ಆ ಬಾವುಟದಲ್ಲಿ ಚರಕವಿತ್ತೆಂಬುದನ್ನು ಅವಳು ಇನ್ನು ಮರೆಯುವುದುಂಟೆ?

ಶಿವಪುರವೆಂದರೆ ಮದ್ದೂರು ಪಟ್ಟಣಕ್ಕೆ ಅಂಟಿಕೊಂಡ ಊರು, ಶಿಂಷಾ ಹೊಳೆಯ ಮಗ್ಗುಲು. ಬೆಂಗಳೂರು-ಮೈಸೂರು ಹಳೆಯ ರಸ್ತೆಯಲ್ಲಿ ಹೋಗುವವರಿಗೆ ಅಂದಿನ ನೆನಪಿನ ಸತ್ಯಾಗ್ರಹ ಸೌಧ ಕಣ್ಣಿಗೆ ಬೀಳುತ್ತಿತ್ತು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಕಾರುಗಳು ಮದ್ದೂರಿನಲ್ಲಿ ನಿಲ್ಲದೆಯೇ ಹೋಗಿಬಿಡುತ್ತವೆ. ಮದ್ದೂರು ವಡೆಯೂ ತಪ್ಪಿತು, ಸೌಧವೂ ತಪ್ಪಿತು. ಅಲ್ಲಿ ನಡೆದದ್ದು ಸಣ್ಣ ಸಂಗತಿಯಲ್ಲ. ಮೈಸೂರು ಸಂಸ್ಥಾನದ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಅದು. ಎಚ್.ಕೆ. ವೀರಣ್ಣಗೌಡರು, ಸಾಹುಕಾರ್ ಚನ್ನಯ್ಯನವರು ಮೊದಲಾದ ಈ ನೆಲದ ಮುಖಂಡರು ಮುಂದೆ ನಿಂತು ಏರ್ಪಾಡು ಮಾಡಿದರು. ತಿರುಮಲೇಗೌಡರ ಜಮೀನಿನಲ್ಲಿ ಚಪ್ಪರ ಎದ್ದಿತು. ರಾಷ್ಟ್ರಧ್ವಜ ಹಾರಿಸಕೂಡದೆಂದು ಸರ್ಕಾರ ನಿಷೇಧಾಜ್ಞೆ ಹೊರಡಿಸಿತು. ಅಧ್ಯಕ್ಷರಾದ ಸಿದ್ದಲಿಂಗಯ್ಯನವರು ಆಜ್ಞೆ ಮುರಿದು ಬಾವುಟ ಏರಿಸಿ ಬಂಧನಕ್ಕೊಳಗಾದರು. ಅವರನ್ನು ಕರೆದೊಯ್ದ ಮೇಲೂ ಒಬ್ಬರ ಹಿಂದೆ ಒಬ್ಬರು ಮುಂದೆ ಬಂದರು, ಬಂಧಿತರಾದರು. ಎರಡೇ ವಾರದ ಬಳಿಕ, ಏಪ್ರಿಲ್ 25ರಂದು, ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಅದೇ ಬಾವುಟದ ವಿಚಾರಕ್ಕೆ ಗೋಲಿಬಾರಾಗಿ ಜನ ಸತ್ತರು. ಕೊನೆಗೆ ಸರ್ದಾರ್ ಪಟೇಲರೂ ದಿವಾನ್ ಮಿರ್ಜಾ ಇಸ್ಮಾಯಿಲರೂ ಮಾತುಕತೆಗೆ ಕೂತು, ಸಂಸ್ಥಾನದ ಬಾವುಟದ ಜೊತೆಗೆ ರಾಷ್ಟ್ರಧ್ವಜವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಆದ್ದರಿಂದಲೇ ಮಕ್ಕಳ ಆಟದ ಕಡೆಯ ದೃಶ್ಯಕ್ಕೆ ಎರಡು ಬಾವುಟ ಬೇಕು. ಸಂಸ್ಥಾನದ ಬಾವುಟದಲ್ಲಿನ ಗಂಡಭೇರುಂಡದ ಎರಡು ತಲೆಯನ್ನು ಕತ್ತರಿಸುವ ಕೆಲಸ ತರಗತಿಯಲ್ಲಿ ಅತಿ ನಾಜೂಕು ಕೈಯವನ ಪಾಲಿಗೆ ಬಂದಿದೆ.

ಸಾಮಗ್ರಿ ಹುಡುಕುವುದಕ್ಕೆ ಮೇಷ್ಟ್ರು ಒಂದು ಕ್ರಮ ಹಾಕಿಕೊಟ್ಟಿದ್ದಾರೆ. ನೋಟ್‌ಬುಕ್ಕಿನ ಎಡ ಪುಟದಲ್ಲಿ ಕೇಳಿದ್ದು, ಬಲ ಪುಟದಲ್ಲಿ ಓದಿದ್ದು ಅಥವಾ ನೋಡಿದ್ದು. ಎಡ ಪುಟಗಳು ಬೇಗ ತುಂಬುತ್ತವೆ. ‘ನಮ್ಮ ತಾತನ ಅಪ್ಪ ಗಾಡಿ ಕಟ್ಟಿಕೊಂಡು ಹೋಗಿದ್ದರಂತೆ.’ ‘ಪೊಲೀಸರು ಬಂದಾಗ ಯಾರೂ ಜಾಗ ಬಿಟ್ಟು ಏಳಲಿಲ್ಲವಂತೆ.’ ಬಲ ಪುಟ ಮೆಲ್ಲಗೆ ತುಂಬುತ್ತದೆ, ಆದರೆ ಅದು ಎಡ ಪುಟವನ್ನು ತಿದ್ದುತ್ತದೆ. ‘ಮಂಡ್ಯ ಜಿಲ್ಲಾಧಿಕಾರಿಯವರು ತಡೆದರು’ ಎಂದು ಒಬ್ಬ ಬರೆದಿದ್ದ. “ನಮ್ ಜಿಲ್ಲೆ ಹುಟ್ಟಿದ್ ಯಾವಾಗ್ಲಾ?” ಎಂದು ಮೇಷ್ಟ್ರು ಕೇಳಿದರು. 1939ರ ಜುಲೈ 1. ಹಾಗಾದರೆ 1938ರಲ್ಲಿ ಮಂಡ್ಯ ಜಿಲ್ಲೆಯೇ ಇರಲಿಲ್ಲ, ಇದೆಲ್ಲ ಮೈಸೂರು ಜಿಲ್ಲೆ. ಆ ಸಾಲನ್ನು ಅವನೇ ಹೊಡೆದು ಹಾಕಿದ. ತಾವಾಗಿ ಕಂಡುಕೊಂಡ ತಪ್ಪನ್ನು ಅಳಿಸುವಾಗ ಮಕ್ಕಳ ಮುಖದಲ್ಲಿ ಒಂದು ಗತ್ತು ಇರುತ್ತದೆ. ಕೆಂಪು ಶಾಯಿಯಲ್ಲಿ ಯಾರೋ ತಿದ್ದಿದಾಗ ಅದು ಬರುವುದಿಲ್ಲ.

ಗೊಂಬೆಯಾಟ ಈ ಸೀಮೆಗೆ ಹೊಸದಲ್ಲ. ತೊಗಲುಗೊಂಬೆಯವರನ್ನು ಹಳೆ ಮೈಸೂರಿನ ಹಳ್ಳಿಗಳಲ್ಲಿ ಗೊಂಬೆರಾಮರೆಂದು ಕರೆಯುತ್ತಿದ್ದರು, ಬೇರೆ ಕಡೆ ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು. ಮಳೆ ಕೈಕೊಟ್ಟಾಗ ಊರವರು ಅವರನ್ನು ಕರೆಸಿ ರಾಮಾಯಣದ, ಭಾರತದ ಪ್ರಸಂಗ ಆಡಿಸುತ್ತಿದ್ದರು. ಆಟ ಆಡಿಸಿದರೆ ಮಳೆ ಬರುತ್ತದೆಂಬ ನಂಬಿಕೆ. ಆಡಿನ ಚರ್ಮವನ್ನು ನೆನೆಸಿ, ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳುವಾಗಿಸಿ, ಬಿಗಿದು ಒಣಗಿಸಿ, ಉಳಿಯಿಂದ ಆಭರಣದ ತೂತು ಕೊರೆದು ಬಣ್ಣ ಹಾಕಿದ ಆ ಗೊಂಬೆಗಳು ಎಣ್ಣೆ ದೀಪದ ಮುಂದೆ ನಿಂತರೆ ಗಾಜಿನಂತೆ ಕೆಂಪು, ಹಸಿರು ಸೂಸುತ್ತಿದ್ದವು. ಅದೇ ಪರದೆಯ ಮೇಲೆ ಈ ಕಾಲದ ನಾಯಕರನ್ನು ತಂದವರೂ ನಮ್ಮಲ್ಲಿದ್ದಾರೆ. 2023ರಲ್ಲಿ ತೀರಿಕೊಂಡ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಬದುಕನ್ನೂ ಸ್ವಾತಂತ್ರ್ಯ ಹೋರಾಟವನ್ನೂ ಬಸವಣ್ಣನವರನ್ನೂ ತೊಗಲುಗೊಂಬೆಯಲ್ಲಿ ಆಡಿಸಿ ತೋರಿಸಿದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ದೂರದ ಇಂಡೊನೇಷ್ಯಾದಲ್ಲಿ ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ‘ವಯಾಂಗ್ ಸುಲುಹ್’ ಎಂಬ ಹೊಸ ಗೊಂಬೆಯಾಟವೇ ಹುಟ್ಟಿತು. ಅದರಲ್ಲಿ ರಾಜಕುಮಾರರ ಬದಲು ಪ್ಯಾಂಟು ಷರಟಿನ ಮುಖಂಡರು, ಸೈನಿಕರು, ಹಳ್ಳಿಯವರು. ನಮ್ಮ ಶಿಕ್ಷಕರಿಗೂ ದೆಹಲಿಯ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ ಗೊಂಬೆಯಾಟದ ತರಬೇತಿ ಕೊಡುತ್ತ ಬಂದಿದೆ. ದಾರಿ ಇದೆ. ನಡೆಯುವ ಶಾಲೆಗಳು ಹೆಚ್ಚಬೇಕು.

ಇದರ ಎದುರಿಗೆ ನಮ್ಮ ಶಾಲೆಗಳ ಜಯಂತಿಗಳನ್ನು ನೋಡಿ. ಫೋಟೋ, ಹಾರ, ಊದುಬತ್ತಿ, ಒಬ್ಬ ಜಾಣ ವಿದ್ಯಾರ್ಥಿಯ ಬಾಯಿಪಾಠದ ಭಾಷಣ, ಆಮೇಲೆ ಸಿಹಿ. ಫೋಟೋದೊಳಗಿನವರು ಎಲ್ಲ ವರ್ಷವೂ ಒಂದೇ ಥರ ಕಾಣುತ್ತಾರೆ. ಆ ಸಭೆಯಲ್ಲಿ ಮಗು ಪ್ರಶ್ನೆ ಕೇಳಲು ಜಾಗವೇ ಇಲ್ಲ. ಇದು ನನಗೆ ನಿಜವಾಗಿ ನೋವಿನ ವಿಷಯ.

ಕೋಣೆಯಲ್ಲಿ ಈಗ ಜೋರು ವಾದ. ಕರ್ನಾಟಕದ ತೊಗಲುಗೊಂಬೆಗೆ ಒಂದು ಹಳೆಯ ನಿಯಮವಿದೆ: ಗೊಂಬೆಯ ಅಳತೆ ಅದರ ಅಂತಸ್ತಿನ ಅಳತೆ. ದೇವರೂ ಅರಸರೂ ದೊಡ್ಡವರು, ಸೇವಕರು, ಸಾಮಾನ್ಯರು ಚಿಕ್ಕವರು. ಮೇಷ್ಟ್ರು ಅದನ್ನು ಹೇಳಿದ್ದೇ ತಡ, ಸಿದ್ದಲಿಂಗಯ್ಯನವರನ್ನು ಮೊಳದುದ್ದ ಕತ್ತರಿಸಿ, ಸೇರಿದ ಜನರನ್ನು ಗೇಣುದ್ದ ಮಾಡಲು ಕೆಲವರು ಹೊರಟರು. ಹಿಂದಿನ ಸಾಲಿನ ಹುಡುಗನೊಬ್ಬ ಒಪ್ಪಲಿಲ್ಲ. “ಇವ್ರುನ್ನ ಹಿಡ್ಕಂಡೋದ್ಮೇಲೆ ಇನ್ನೊಬ್ರು ಬಂದ್ರಲ್ಲ ಸಾ, ಅವ್ರು ಚಿಕ್ಕೋರಾ?” ಮಾತು ಸರಿಯಾಗಿತ್ತು. ಅಂದು ಶಿವಪುರದಲ್ಲಿ ಸಾವಿರಾರು ಜನ ನೆರೆದಿದ್ದರು, ಹೆಚ್ಚಿನವರು ಸುತ್ತಲಿನ ರೈತರು. ಬಾವುಟ ಒಬ್ಬರ ಕೈಯಲ್ಲಿ ನಿಲ್ಲಲಿಲ್ಲ ಎನ್ನುವುದೇ ಆ ದಿನದ ವಿಶೇಷ. ಕೊನೆಗೆ ಎಲ್ಲ ಗೊಂಬೆಗೂ ಒಂದೇ ಅಳತೆ ಎಂದಾಯಿತು. ಮನೆಮನೆಯ ಲಗ್ನಪತ್ರಿಕೆ ಸಾಲದೆ, ಬೇಕರಿಯ ಖಾಲಿ ಡಬ್ಬಗಳನ್ನು ಬಿಚ್ಚಬೇಕಾಯಿತು. ಮಕ್ಕಳು ನಾಯಕತ್ವದ ಬಗ್ಗೆ ಇಷ್ಟು ಗಟ್ಟಿಯಾದ ತೀರ್ಮಾನವನ್ನು ಭಾಷಣ ಕೇಳಿ ಮಾಡಲಾರರು.

ಗೊತ್ತಾಗದೆ ಉಳಿದದ್ದನ್ನು ಏನು ಮಾಡುವುದು? ಕಟ್ಟಿ ಹೇಳುವಂತಿಲ್ಲ. ಇದಕ್ಕೆ ಪರಿಹಾರ ಕೊಟ್ಟದ್ದು ಹಳೆಯ ಆಟವೇ. ಪ್ರತಿ ಪ್ರಸಂಗದಲ್ಲೂ ಬಂದು ನಗಿಸುವ ಕರಿಮೈಯ, ಡೊಳ್ಳುಹೊಟ್ಟೆಯ ಕಿಳ್ಳೇಕ್ಯಾತ, ಅವನ ಹೆಂಡತಿ ಬಂಗಾರಕ್ಕ. ಮಕ್ಕಳು ತಮಗೆ ಉತ್ತರ ಸಿಗದ ಪ್ರಶ್ನೆಗಳನ್ನೆಲ್ಲ ಅವನ ಬಾಯಿಗೆ ಹಾಕಿದರು. “ಅಲ್ಲ ಕಣೇ ಬಂಗಾರಿ, ಇಷ್ಟೊಂದ್ ಜನಕ್ಕೆ ಅನ್ನ ಬೇಯ್ಸಿದ್ಯಾರು?” “ನಂಗೇನ್ ಗೊತ್ತು, ಅಲ್ ಕೂತವ್ರಲ್ಲ, ಅವ್ರುನ್ನೇ ಕೇಳು.” ತಿಳಿದದ್ದು ನಾಯಕರ ಮಾತಾಗಿ, ತಿಳಿಯದ್ದು ಕಿಳ್ಳೇಕ್ಯಾತನ ಪ್ರಶ್ನೆಯಾಗಿ ಪರದೆಯ ಮೇಲೆ ಬರುತ್ತದೆ. ದೊಡ್ಡ ದೊಡ್ಡ ಐತಿಹಾಸಿಕ ಸಿನಿಮಾಗಳಲ್ಲೂ ಈ ಪ್ರಾಮಾಣಿಕತೆ ಅಪರೂಪ.

ಇಂಥ ಆಟಕ್ಕೆ ಈ ಜಿಲ್ಲೆಯಲ್ಲಿ ಕಥೆಗೆ ಬರವಿಲ್ಲ. ಮದ್ದೂರು ತಾಲ್ಲೂಕಿನದೇ ಆತಕೂರು ಶಾಸನ ತೆಗೆದುಕೊಳ್ಳಿ. ಹತ್ತನೇ ಶತಮಾನದ ನಡುವಿನದು, ತಕ್ಕೋಲದ ಯುದ್ಧದ ಬಳಿಕದ್ದು. ಗಂಗರ ಬೂತುಗನ ಕಡೆಯ ವೀರ ಮಣಲೇರ ತನ್ನ ಸಾಹಸಕ್ಕೆ ಪ್ರತಿಯಾಗಿ ಕೇಳಿದ್ದು ಊರನ್ನಲ್ಲ, ಚಿನ್ನವನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ನಾಯಿಗೆ ಕಲ್ಲು ನೆಟ್ಟರು, ಪೂಜೆ ನಡೆಯಲೆಂದು ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದಲ್ಲಿ ಗೆದ್ದ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಹೆಸರನ್ನು ನೆನಪಿಡಲು ತಿಣುಕುವ ಮಗು ಕಾಳಿಯ ಗೊಂಬೆ ಮಾಡಿದರೆ ಅವನನ್ನೂ ಬಿಡದೆ ನೆನಪಿಡುತ್ತದೆ.

ಮಳವಳ್ಳಿ ಕಡೆಯ ಮಕ್ಕಳಿಗೆ ಬೆಳಕಿನ ಕಥೆಯೇ ಇದೆ. ಗಗನಚುಕ್ಕಿಯ ಮಗ್ಗುಲ ಶಿವನಸಮುದ್ರದ ವಿದ್ಯುದಾಗಾರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಅದಕ್ಕಾಗಿ ದುಡಿದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ದರು. ಎಣ್ಣೆ ದೀಪದಲ್ಲಿ ಆಟ ಶುರುಮಾಡಿ, ಆ ಗಳಿಗೆಗೆ ಸರಿಯಾಗಿ ಪರದೆಯ ಹಿಂದೆ ಬಲ್ಬು ಹೊತ್ತಿಸಿದರೆ ಮಾತೇ ಬೇಡ. ಮಂಡ್ಯದವರಿಗೆ ಲೆಸ್ಲಿ ಕೋಲ್ಮನ್ ಇದ್ದಾರೆ. ಕೆನಡಾದಿಂದ ಬಂದು ಮೈಸೂರಿನ ಕೃಷಿ ನಿರ್ದೇಶಕರಾದವರು, 1933ರ ಸಕ್ಕರೆ ಕಂಪನಿಯ ಹಿಂದಿನ ಶಕ್ತಿ. ಶ್ರೀರಂಗಪಟ್ಟಣಕ್ಕೆ ಹೋದರೆ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧವೇ ಸಾಲುಸಾಲಾಗಿ ನಿಂತಿದೆ. ಗೆದ್ದವರು ಬರೆಸಿದ ಚಿತ್ರ ಅದು; 1799ರಲ್ಲಿ ಗೆದ್ದ ಇಂಗ್ಲಿಷರು ಬರೆಸಿಕೊಂಡ ಚಿತ್ರಗಳು ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ ಮಕ್ಕಳು.

ಆಟದ ದಿನ ಸಂಜೆ ಡೈರಿಗೆ ಹಾಲು ಹಾಕಿದವರು ಕ್ಯಾನು ಹಿಡಿದುಕೊಂಡೇ ಶಾಲೆಯಂಗಳಕ್ಕೆ ಬಂದರು. ವರಾಂಡದ ಎರಡು ಕಂಬಕ್ಕೆ ಬಿಳಿ ಪಂಚೆ ಬಿಗಿದಿತ್ತು. ಒಬ್ಬ ತಮಟೆ, ಒಬ್ಬಳು ತಾಳ. ಗಣಪತಿ ಬಂದು ಹೋದ, ಕಿಳ್ಳೇಕ್ಯಾತ ಬಂದ, ನಗು ಎದ್ದಿತು. ಬಾವುಟ ಮೇಲೇರುವಾಗ ದಬ್ಬಳದ ತೂತುಗಳಲ್ಲಿ ರಾಟೆ ಚುಕ್ಕಿಚುಕ್ಕಿಯಾಗಿ ಹೊಳೆಯಿತು. ಸಿದ್ದಲಿಂಗಯ್ಯನವರನ್ನು ಪೊಲೀಸರು ಕರೆದೊಯ್ದರು. ಅಷ್ಟೇ ಎತ್ತರದ ಇನ್ನೊಬ್ಬರು ಬಂದರು, ಇನ್ನೊಬ್ಬರು, ಮತ್ತೊಬ್ಬರು. ಪರದೆಯ ಹಿಂದೆ ಗೊಂಬೆಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದ ಮಕ್ಕಳ ಏದುಸಿರು ಮುಂದಿನ ಸಾಲಿಗೆ ಕೇಳುತ್ತಿತ್ತು.

ಎರಡು ಬಾವುಟ ಜೊತೆಯಾಗಿ ನಿಂತು ಆಟ ಮುಗಿಯಿತು. ಚಪ್ಪಾಳೆಯ ನಡುವೆ ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಎದ್ದರು. “ಎಲ್ಲಾ ಗಂಡುಸ್ರೇ ಬಂದ್ರಲ್ಲ ಮಕ್ಳಾ, ಹೆಣ್ಣುಮಕ್ಳು ಯಾರೂ ಹೋಗಿರ್ನಿಲ್ವಾ ಅಲ್ಗೆ?” ಮಕ್ಕಳು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ನೋಟ್‌ಬುಕ್ಕಿನ ಕಡೆ ಕೈ ತೋರಿಸಿದರು.

ಮಾರನೆಯ ದಿನ ಎಡ ಪುಟದ ಮೇಲ್ತುದಿಯಲ್ಲಿ ಅಜ್ಜಿಯ ಪ್ರಶ್ನೆ ಇತ್ತು. ಸಂಜೆಯ ಹೊತ್ತಿಗೆ ಮೂವರು ಹುಡುಗಿಯರು ಶಿವಪುರದ ಹಳಬರ ಮನೆಗಳ ಪಟ್ಟಿ ಮಾಡಿಕೊಂಡು, ಯಾರ ಮನೆಗೆ ಯಾರು ಹೋಗುವುದೆಂದು ಹಂಚಿಕೊಳ್ಳುತ್ತಿದ್ದರು.