ನಮ್ಮ ವಾದ ನಾವೇ ಮಂಡಿಸಬಹುದೇ?

ಕರಿಕೋಟು ತೊಡದವರೂ ನ್ಯಾಯಾಲಯದಲ್ಲಿ ವಾದಿಸಬಹುದೇ? ತಮ್ಮದೇ ಪ್ರಕರಣವಾದರೆ ಖಂಡಿತ ವಾದಿಸಬಹುದು. 2ಜಿ ತರಂಗಾಂತರ ಪ್ರಕರಣದ ಅರ್ಜಿದಾರರಲ್ಲಿ ಒಬ್ಬರಾದ ಅರ್ಥಶಾಸ್ತ್ರಜ್ಞ ಸುಬ್ರಮಣಿಯನ್ ಸ್ವಾಮಿ ಸುಪ್ರೀಂ ಕೋರ್ಟಿನಲ್ಲಿ ಖುದ್ದಾಗಿ ವಾದ ಮಂಡಿಸಿದರು. 2012ರಲ್ಲಿ ಕೋರ್ಟು 122 ಪರವಾನಗಿಗಳನ್ನು ರದ್ದುಪಡಿಸಿತು.

ಸಿವಿಲ್ ದಾವೆಗಳಲ್ಲಿ ಈ ಅವಕಾಶವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಕೊಟ್ಟಿದೆ. ಗ್ರಾಹಕ ಆಯೋಗದಲ್ಲೂ ದೂರುದಾರರು ತಾವೇ ವಾದಿಸಬಹುದು. ಕೌಟುಂಬಿಕ ನ್ಯಾಯಾಲಯಗಳಲ್ಲಂತೂ 1984ರ ಕಾಯ್ದೆಯ ಪ್ರಕಾರ ವಕೀಲರನ್ನಿಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕೇ ಅಲ್ಲ.

ಆದರೆ ಧೈರ್ಯವೊಂದೇ ಸಾಲದು. ಕಾಲಮಿತಿ ಮೀರಿದರೆ, ದಾಖಲೆಗಳನ್ನು ಕ್ರಮಬದ್ಧವಾಗಿ ಹಾಜರುಪಡಿಸದಿದ್ದರೆ, ಪಾಟೀಸವಾಲಿನಲ್ಲಿ ಎಡವಿದರೆ ಗಟ್ಟಿ ಪ್ರಕರಣವೂ ಬಿದ್ದುಹೋಗಬಹುದು. ಕ್ರಿಮಿನಲ್ ಮೊಕದ್ದಮೆಯಲ್ಲಿ ಸೋತರೆ ಜೈಲುವಾಸವೇ ಆಗಬಹುದು.

ಶುಲ್ಕಕ್ಕೆ ಹೆದರಿ ಒಂಟಿಯಾಗಿ ಹೋರಾಡಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಬಂಧನದಲ್ಲಿರುವವರು ಉಚಿತ ಕಾನೂನು ನೆರವು ಪಡೆಯಬಹುದು. ಮೊದಲು ಸಹಾಯವಾಣಿ 15100ಕ್ಕೆ ಕರೆ ಮಾಡಿ.