ಪುಟ್ಟ ಸವಾರರಿಗೆ ಜೀನು

ಜಯನಗರ, ಬನಶಂಕರಿಗಳಿಂದ ನಗರದಾಚೆಯ ಸವಾರಿ ಶಾಲೆಗೆ ಮಗುವನ್ನು ಕರೆದೊಯ್ಯುವ ತಂದೆತಾಯಿಗಳೇ, ಜೀನು ಕೊಳ್ಳಲು ಅವಸರಪಡಬೇಡಿ. ಬೆಳೆಯುವ ಮಗುವೆಂದು ಬೂಟನ್ನು ಒಂದು ಅಳತೆ ದೊಡ್ಡದಾಗಿಯೇ ತರುತ್ತೇವಷ್ಟೆ. ಜೀನಿಗೆ ಆ ಲೆಕ್ಕ ಸಲ್ಲದು. ದೊಡ್ಡ ಜೀನಿನಲ್ಲಿ ಮಗು ಹಿಂದೆಮುಂದೆ ಜಾರಿ ಲಗಾಮಿಗೇ ಜೋತುಬೀಳುತ್ತದೆ. ನೋವು ಕುದುರೆಯ ಬಾಯಿಗೆ. ಮುಂಭಾಗಕ್ಕೆ ಒಂದು ಹಿಡಿಪಟ್ಟಿ ಕಟ್ಟಿಸಿದರೆ ಆ ತೊಂದರೆ ಕಡಿಮೆ. ಜೀನು ಕುದುರೆಯ ಬೆನ್ನಿಗೂ ಒಪ್ಪಬೇಕು, ಬೆನ್ನುಮೂಳೆಗೆ ಒತ್ತಕೂಡದು. ಕಾನ್ಪುರದ ಜೀನುಗಳು ಹೆಸರುವಾಸಿಯೇನೋ ಹೌದು. ಆದರೆ ಸ್ವಂತ ಕುದುರೆಯಿಲ್ಲದವರಿಗೆ ಶಾಲೆಯ ಜೀನೇ ಸಾಕು.

ಕಾಲಿಡುವ ರಿಕಾಪನ್ನು ಮಾತ್ರ ನೀವೇ ಪರೀಕ್ಷಿಸಿ. ಬೂಟಿನ ಅತಿ ಅಗಲವಾದ ಭಾಗಕ್ಕಿಂತ ಅದು ಸುಮಾರು 1 ಅಂಗುಲ ಹೆಚ್ಚು ಅಗಲವಿರಬೇಕು. ಕಿರಿದಾದರೆ ಪಾದ ಸಿಕ್ಕಿಕೊಳ್ಳುತ್ತದೆ. ದೊಡ್ಡವರದಾದರೆ ಇಡೀ ಪಾದವೇ ಒಳಹೊಕ್ಕೀತು. ಎರಡರಲ್ಲಿಯೂ, ಬಿದ್ದ ಮಗುವನ್ನು ಕುದುರೆ ಎಳೆದುಕೊಂಡು ಓಡುವ ಭಯವಿದೆ. ಹೊರಬದಿಯಲ್ಲಿ ರಬ್ಬರ್ ಪಟ್ಟಿಯಿದ್ದು, ಒತ್ತಡ ಬಿದ್ದೊಡನೆ ಅದು ಕಳಚಿಕೊಳ್ಳುವಂಥ ರಿಕಾಪು ಮಕ್ಕಳಿಗೆ ಮೇಲು. ಬೂಟಿಗೂ ಚಿಕ್ಕದೊಂದು ಹಿಮ್ಮಡಿ ಬೇಕು. ಶಾಲೆಯ ಕ್ಯಾನ್ವಾಸ್ ಬೂಟು ಇಲ್ಲಿ ಬೇಡ.

ಇಷ್ಟಾಗಿಯೂ ಏನಾದರೂ ಕೊಳ್ಳಲೇಬೇಕೆನಿಸಿದರೆ, ಮಗುವಿನ ತಲೆಗೆ ಬಿಗಿಯಾಗಿ ಕೂರುವ, ಸವಾರಿಗೆಂದೇ ಮಾಡಿದ ಹೆಲ್ಮೆಟ್ ಕೊಳ್ಳಿ. ಮನೆಯ ಸ್ಕೂಟರಿನದು ನಡೆಯದು.