ಹೊರದೇಶದ ‘ಕುಶಲ ಕೆಲಸಗಾರ’ ವೀಸಾ ಮತ್ತು ನಾವು ಕೊಡುವ ಅನುಭವ ಪತ್ರ

ಕಂದಿಕೆರೆ, ಚಿಕ್ಕನಾಯಕನಹಳ್ಳಿ, ತಿಪಟೂರು ಹಾಗೂ ತುರುವೇಕೆರೆ ಭಾಗದ ಕೊಬ್ಬರಿ ವರ್ತಕರು, ತೆಂಗಿನ ಪುಡಿ ಮತ್ತು ನಾರಿನ ಕಾರ್ಖಾನೆಗಳ ಮಾಲೀಕರು ತಮ್ಮಲ್ಲಿ ದುಡಿದವರಿಗೆ ಅನುಭವ ಪತ್ರ ಬರೆದುಕೊಡುವುದು ಹೊಸದೇನಲ್ಲ. ಬೆಂಗಳೂರಿನ ಮತ್ತೊಂದು ಕಾರ್ಖಾನೆಯಲ್ಲಿ ತೋರಿಸುವ ಪತ್ರವಾದರೆ ಎರಡು ಸಾಲು ಬರೆದು ಮೊಹರು ಒತ್ತಿದರೆ ಸಾಕು. ಆದರೆ ಅದೇ ಪತ್ರ ಕೆನಡಾದ ವಲಸೆ ಅಧಿಕಾರಿಯ ಮೇಜಿಗೆ ಹೋಗುವುದಾದರೆ ಮಾತು ಬೇರೆ. “ಹೇಗೂ ನಮ್ಮ ಹುಡುಗ, ಸೂಪರ್‌ವೈಸರ್ ಅಂತಲೇ ಬರೆದುಬಿಡಿ ಸ್ವಾಮಿ” ಎಂಬ ಔದಾರ್ಯವು ಆ ಹುಡುಗನಿಗೇ ಮುಳುವಾಗಬಹುದು.

ಕೆನಡಾ ಸರ್ಕಾರವು ಉದ್ಯೋಗಗಳನ್ನು ಎನ್.ಓ.ಸಿ. ಎಂಬ ಪಟ್ಟಿಯಲ್ಲಿ ವಿಂಗಡಿಸಿದೆ. ಇದು ನಾವು ಬ್ಯಾಂಕಿನಿಂದ ಪಡೆಯುವ ನಿರಾಕ್ಷೇಪಣಾ ಪತ್ರವಲ್ಲ, ಆ ದೇಶದ ರಾಷ್ಟ್ರೀಯ ವೃತ್ತಿ ವರ್ಗೀಕರಣ. 2022ರ ನವೆಂಬರ್ 16ರಿಂದ ವಲಸೆ ಅರ್ಜಿಗಳಿಗೆ ಅನ್ವಯವಾದ ಪರಿಷ್ಕೃತ ಪಟ್ಟಿಯಲ್ಲಿ ಪ್ರತಿ ವೃತ್ತಿಗೂ ಐದು ಅಂಕಿಗಳ ಸಂಕೇತವಿದ್ದು, ಅದರ ಎರಡನೆಯ ಅಂಕಿಯು ‘ಟಿಯರ್’ ಎಂಬ ಶ್ರೇಣಿಯನ್ನು ಸೂಚಿಸುತ್ತದೆ. ಫೆಡರಲ್ ಕುಶಲ ಕೆಲಸಗಾರರ ಯೋಜನೆಗೆ ಸೊನ್ನೆಯಿಂದ 3ರವರೆಗಿನ ಶ್ರೇಣಿಯ ಅನುಭವ ಮಾತ್ರ ಸಲ್ಲುತ್ತದೆ. 4 ಮತ್ತು 5ನೇ ಶ್ರೇಣಿಯಲ್ಲಿ ಇಪ್ಪತ್ತು ವರ್ಷ ದುಡಿದಿದ್ದರೂ ಅದು ಲೆಕ್ಕಕ್ಕೆ ಬಾರದು.

ನಮ್ಮ ಒಂದು ತೆಂಗಿನ ಪುಡಿ ಕಾರ್ಖಾನೆಯನ್ನೇ ತೆಗೆದುಕೊಳ್ಳೋಣ. ಚಿಪ್ಪು ಬಿಡಿಸಿ ತಿರುಳಿನ ಕಂದು ಸಿಪ್ಪೆ ಹೆರೆಯುವವರು ಆಹಾರ ಸಂಸ್ಕರಣೆಯ ಕಾರ್ಮಿಕರು. ಅವರ ಸಂಕೇತ 95106, ಶ್ರೇಣಿ 5. ಪುಡಿ ಮಾಡುವ ಹಾಗೂ ಒಣಗಿಸುವ ಯಂತ್ರ ನಡೆಸುವವನದು 94140, ಶ್ರೇಣಿ 4. ಇಬ್ಬರಿಗೂ ಅರ್ಹತೆ ಇಲ್ಲ. ಅದೇ ಮಾಡಿನ ಕೆಳಗೆ ಕೆಲಸ ಹಂಚಿ, ಗುಣಮಟ್ಟ ನೋಡಿ, ಉತ್ಪಾದನೆಯ ಲೆಕ್ಕ ಒಪ್ಪಿಸುವ ಮೇಲ್ವಿಚಾರಕನದು 92012, ಕಾರ್ಖಾನೆಯ ಎಲೆಕ್ಟ್ರಿಷಿಯನ್‌ನದು 72201. ಇವೆರಡೂ 2ನೇ ಶ್ರೇಣಿಗೆ ಸೇರುತ್ತವೆ. ಕಚೇರಿಯಲ್ಲಿ ಬಿಲ್ಲು, ರಸೀದಿಗಳನ್ನಷ್ಟೇ ನಮೂದಿಸುವ ಗುಮಾಸ್ತ 14200ರಲ್ಲಿ ನಿಂತರೆ, ಪೂರ್ಣ ಲೆಕ್ಕಪುಸ್ತಕ ಬರೆದು ತಾಳೆಪಟ್ಟಿ ತಯಾರಿಸುವವನು 12200ಕ್ಕೆ ಏರುತ್ತಾನೆ. ತೋಟದಲ್ಲಿ ಕಾಯಿ ಕೀಳುವವರ ಕೈಚಳಕ ಎಂಥದ್ದೆಂದು ನಾವು ಬಲ್ಲೆವು. ಆದರೂ ಆ ಪಟ್ಟಿಯ ದೃಷ್ಟಿಯಲ್ಲಿ ಅವರದು ಕೊಯ್ಲಿನ ಕೂಲಿ, 5ನೇ ಶ್ರೇಣಿ. ಇದು ನ್ಯಾಯವೇ ಎಂಬ ಪ್ರಶ್ನೆ ಬೇರೆ, ನಿಯಮವಂತೂ ಹೀಗಿದೆ. ಅಧಿಕಾರಿಯು ಹುದ್ದೆಯ ಹೆಸರನ್ನು ನಂಬುವುದಿಲ್ಲ, ಪತ್ರದಲ್ಲಿ ಬರೆದ ಕೆಲಸಗಳನ್ನು ಪಟ್ಟಿಯ ವಿವರಣೆಯೊಂದಿಗೆ ಹೋಲಿಸಿ ನೋಡುತ್ತಾನೆ.

ಎರಡನೆಯ ತೊಡಕು ಹಂಗಾಮಿನದು. ಕಳೆದ 10 ವರ್ಷಗಳೊಳಗೆ, ಒಂದೇ ವೃತ್ತಿಯಲ್ಲಿ, ಕನಿಷ್ಠ ಒಂದು ವರ್ಷ ಎಡೆಬಿಡದೆ ವೇತನ ಪಡೆದು ದುಡಿದಿರಬೇಕು. ವಾರಕ್ಕೆ 30 ಗಂಟೆಯಂತೆ ಒಟ್ಟು 1,560 ಗಂಟೆ. ವಾರದಲ್ಲಿ 30ಕ್ಕೆ ಮೀರಿದ ಗಂಟೆಗಳನ್ನು ಎಣಿಸುವುದಿಲ್ಲ. ಎಲೆಕ್ಟ್ರಿಷಿಯನ್ ಒಬ್ಬ 30 ವಾರಗಳ ಹಂಗಾಮಿನಲ್ಲಿ ವಾರಕ್ಕೆ 48 ಗಂಟೆಯಂತೆ 1,440 ಗಂಟೆ ದುಡಿದನೆನ್ನಿ. ಅವನ ಖಾತೆಗೆ ಸೇರುವುದು 900 ಗಂಟೆ ಮಾತ್ರ. ಉಳಿದ ತಿಂಗಳು ಮನೆಯಲ್ಲಿದ್ದರೆ ಸರಪಳಿ ಕಡಿಯಿತು. ಮುಂದಿನ ಹಂಗಾಮಿನ ಗಂಟೆಗಳನ್ನು ಇದಕ್ಕೆ ಕೂಡಿಸಲಾಗದು. ಆದರೆ ಒಂದು ದಾರಿಯುಂಟು. ಪುಡಿ ಕಾರ್ಖಾನೆ ನಿಂತೊಡನೆ ಅವನು ನಾರಿನ ಕಾರ್ಖಾನೆಯಲ್ಲಿ ಅದೇ ಎಲೆಕ್ಟ್ರಿಷಿಯನ್ ಕೆಲಸಕ್ಕೆ ಸೇರಿದ್ದರೆ ಎರಡೂ ಕೂಡುತ್ತವೆ, ಏಕೆಂದರೆ ಮಾಲೀಕರು ಬೇರೆಯಾಗುವುದಕ್ಕೆ ಅಡ್ಡಿಯಿಲ್ಲ. ಆಗ ಇಬ್ಬರು ಮಾಲೀಕರ ಪತ್ರಗಳೂ ಬೇಕು, ದಿನಾಂಕಗಳು ಒಂದಕ್ಕೊಂದು ಕೂಡಿಕೊಳ್ಳಬೇಕು. ತಂದೆಯ ಮಂಡಿಯಲ್ಲಿ ಸಂಬಳವಿಲ್ಲದೆ ಕುಳಿತ ಮಗನ ಅನುಭವವು ಎಷ್ಟೇ ವರ್ಷದ್ದಾದರೂ ಸಲ್ಲುವುದಿಲ್ಲವೆಂಬುದನ್ನು ವರ್ತಕ ಬಂಧುಗಳು ವಿಶೇಷವಾಗಿ ಗಮನಿಸಬೇಕು.

ಪತ್ರವು ಸಂಸ್ಥೆಯ ಲೆಟರ್‌ಹೆಡ್ ಮೇಲೆ ಇರಬೇಕು. ಹುದ್ದೆ, ಸೇರಿದ ಮತ್ತು ಬಿಟ್ಟ ದಿನಾಂಕ, ನಿರ್ವಹಿಸಿದ ಕೆಲಸಗಳು, ವಾರದ ಗಂಟೆಗಳು, ವಾರ್ಷಿಕ ಸಂಬಳ ಹಾಗೂ ಸವಲತ್ತು, ಸಹಿ ಮಾಡಿದವರ ಹೆಸರು, ಹುದ್ದೆ ಮತ್ತು ಸಂಪರ್ಕ ವಿವರ ಇವಿಷ್ಟೂ ಬೇಕು. ಇಲ್ಲಿಯೇ ನಮ್ಮ ಲೆಕ್ಕಪುಸ್ತಕಗಳ ದೌರ್ಬಲ್ಯ ಬಯಲಾಗುವುದು. ಕಾಯಿ ಸುಲಿದವರಿಗೆ ಸಾವಿರಕ್ಕೆ ಇಷ್ಟೆಂದು ಕೊಡುವ ಪದ್ಧತಿಯಲ್ಲಿ ಗಂಟೆಯ ದಾಖಲೆಯೇ ಇರುವುದಿಲ್ಲ. ಆದರೆ ಎಲೆಕ್ಟ್ರಿಷಿಯನ್, ಫಿಟ್ಟರ್, ಮೇಲ್ವಿಚಾರಕರ ವಿಷಯದಲ್ಲಿ ಹಾಜರಿ ಪುಸ್ತಕವಿಡಲು, ಸಂಬಳವನ್ನು ಬ್ಯಾಂಕಿನ ಮೂಲಕ ಕೊಡಲು ಏನು ಕಷ್ಟ? ನಿಜವಾಗಿ ಅರ್ಹನಾದವನು ‘ಇತರೆ ಕೂಲಿ’ ಎಂಬ ತಲೆಬರಹದಡಿ ಕಳೆದುಹೋದರೆ ಅದು ನಮ್ಮ ಪುಸ್ತಕದಿಂದ ಅವನಿಗಾದ ನಷ್ಟ.

ಸುಳ್ಳು ಪತ್ರದ ಪರಿಣಾಮ ಕಠಿಣವಾದುದು. ತಪ್ಪು ನಿರೂಪಣೆ ಸಾಬೀತಾದರೆ ಅರ್ಜಿದಾರನಿಗೆ ಕೆನಡಾದ ಬಾಗಿಲು ಐದು ವರ್ಷ ಮುಚ್ಚುತ್ತದೆ. ಮಾಲೀಕರಿಗೂ ಇದು ಸುಲಭವಲ್ಲ: ವರ್ಷಪೂರ್ತಿ ಸಂಬಳ ಕೊಟ್ಟೆನೆಂದು ಸಹಿ ಮಾಡಿದ ಪತ್ರವು, 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಾದರೆ “ಇವನ ಭವಿಷ್ಯನಿಧಿ ಕಂತು ಎಲ್ಲಿ?” ಎಂಬ ಪ್ರಶ್ನೆಗೆ ಎಡೆಗೊಡುತ್ತದೆ. ಲೆಕ್ಕಪರಿಶೋಧಕರ ಪ್ರಮಾಣಪತ್ರ ಸೇರಿಸಿದರೆ ಆಯಿತೆಂಬ ಭಾವನೆಯೂ ಬೇಡ. 2019ರಿಂದ ನಮ್ಮ ಪ್ರಮಾಣಪತ್ರಗಳಿಗೆ ಯು.ಡಿ.ಐ.ಎನ್. ಸಂಖ್ಯೆ ಕಡ್ಡಾಯ, ಪುಸ್ತಕದಲ್ಲಿ ಇಲ್ಲದ್ದನ್ನು ಪ್ರಮಾಣೀಕರಿಸಲಾಗದು.

ಅನುಭವ ಸರಿಯಿದ್ದ ಮಾತ್ರಕ್ಕೆ ವೀಸಾ ಕೈಸೇರಿತೆಂದಲ್ಲ. ಭಾಷಾ ಪರೀಕ್ಷೆ, ವಿದ್ಯಾಭ್ಯಾಸದ ಮೌಲ್ಯಮಾಪನ, 100ಕ್ಕೆ 67 ಅಂಕಗಳ ಗೆರೆ ದಾಟಿದ ಮೇಲೂ ಆಹ್ವಾನಕ್ಕಾಗಿ ಕಾಯಬೇಕು. ಕೆನಡಾದ ಹಂಗಾಮಿ ಕೃಷಿ ಕೆಲಸಗಾರರ ಯೋಜನೆಯಂತೂ ಮೆಕ್ಸಿಕೊ ಮತ್ತು ಕೆರಿಬಿಯನ್ ದೇಶಗಳವರಿಗೆ ಮೀಸಲು. ಅದರ ಹೆಸರಿನಲ್ಲಿ ನಮ್ಮವರಿಂದ ಹಣ ಕೇಳುವವರನ್ನು ನಂಬಬಾರದು.

ಕೂಲಿ ಅನುಭವವಷ್ಟೇ ಇರುವವರಿಗೆ ಜಪಾನಿನ ದಾರಿ ಹೆಚ್ಚು ನೇರವೆಂದು ನನ್ನ ಅಭಿಪ್ರಾಯ. 2019ರಲ್ಲಿ ಆರಂಭವಾದ ‘ನಿರ್ದಿಷ್ಟ ಕುಶಲ ಕೆಲಸಗಾರ’ ಯೋಜನೆಗಾಗಿ ಭಾರತವು 2021ರ ಜನವರಿಯಲ್ಲಿ ಒಡಂಬಡಿಕೆ ಮಾಡಿಕೊಂಡಿದೆ. ಕೃಷಿ ಮತ್ತು ಆಹಾರ ತಯಾರಿಕೆ ಎರಡೂ ಅದರಲ್ಲಿವೆ. ಅಲ್ಲಿ ಮಾಲೀಕರ ಪತ್ರಕ್ಕಿಂತ ಕೌಶಲ ಪರೀಕ್ಷೆ ಮತ್ತು ಜಪಾನಿ ಭಾಷೆಯ ಪರೀಕ್ಷೆ ಮುಖ್ಯ. ಮೊದಲ ಹಂತದಲ್ಲಿ ಒಟ್ಟು ಐದು ವರ್ಷದ ಮಿತಿಯಿದ್ದು, ಕುಟುಂಬವನ್ನು ಕರೆದೊಯ್ಯುವಂತಿಲ್ಲ. ಎರಡು ವರ್ಷದ ಐ.ಟಿ.ಐ. ಮುಗಿಸಿದ ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳು ಜರ್ಮನಿಯು 2024ರ ಮಾರ್ಚ್‌ನಲ್ಲಿ ತೆರೆದ ಅನುಭವಾಧಾರಿತ ಮಾರ್ಗವನ್ನೂ ಪರಿಶೀಲಿಸಬಹುದು. ಅದಕ್ಕೆ ಕಳೆದ ಐದು ವರ್ಷಗಳಲ್ಲಿ ಎರಡು ವರ್ಷದ ಅನುಭವ ಮತ್ತು ನಿಗದಿತ ಸಂಬಳದ ಉದ್ಯೋಗ ಬೇಕು.

ಯಾವ ದೇಶವಾದರೂ ಸರಿ, ನೇಮಕಾತಿ ಏಜೆಂಟರು ಭಾರತ ಸರ್ಕಾರದಲ್ಲಿ ನೋಂದಾಯಿತರೇ ಎಂಬುದನ್ನು ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೋಡಿಕೊಳ್ಳುವಂತೆ ನಿಮ್ಮ ನೌಕರರಿಗೆ ತಿಳಿಸಿ. ಅಂಥವರು ಪಡೆಯಬಹುದಾದ ಸೇವಾಶುಲ್ಕದ ಮಿತಿ ರೂ. 30,000 ಮತ್ತು ಅದರ ಮೇಲಿನ ಜಿ.ಎಸ್.ಟಿ. ಮಾತ್ರ, ಪಾವತಿಗೆ ರಸೀದಿ ಪಡೆಯತಕ್ಕದ್ದು.